ಬಿ.ಎಚ್. ರಸ್ತೆಯ ಕೊನೆಯವರೆಗೆ: ತುಮಕೂರು–ಹೊನ್ನಾವರ ಸೈಕಲ್ ಪ್ರಯಾಣದ ಯೋಜನೆ, ಒಂದು ಪ್ರಕರಣ ಅಧ್ಯಯನ

ತುಮಕೂರಿನ ಪೇಟೆಯ ನಡುವೆ ಹಾಯುವ ಬಿ.ಎಚ್. ರಸ್ತೆ ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹಳೆಯ ಹೆದ್ದಾರಿಯ ಒಂದು ತುಂಡು. ಬಹುಕಾಲ 206ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯೆಂದು ಗುರುತಿಸಲ್ಪಟ್ಟ ಈ ದಾರಿ ನಮ್ಮ ಊರಿನಿಂದ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ತಾಳಗುಪ್ಪಗಳನ್ನು ದಾಟಿ, ಮಾವಿನಗುಂಡಿಯ ಆಚೆ ಮಾಲೆಮನೆ ಘಾಟಿಯನ್ನು ಇಳಿದು, ಗೇರುಸೊಪ್ಪೆಯಿಂದ ಶರಾವತಿಯ ದಂಡೆ ಹಿಡಿದು ಕಡಲನ್ನು ಮುಟ್ಟುತ್ತದೆ. ತುಮಕೂರಿನಿಂದ ಒಟ್ಟು ದೂರ ಸುಮಾರು 360 ಕಿಲೋಮೀಟರ್. ಈ ದಾರಿಯನ್ನು ಪೂರ್ತಿಯಾಗಿ ಸೈಕಲ್‌ನಲ್ಲಿ ಕ್ರಮಿಸಬೇಕೆಂದು ನಮ್ಮ ಬಡಾವಣೆಯ ನಾಲ್ವರು ನಿಶ್ಚಯಿಸಿದಾಗ ಅದರ ಯೋಜನೆಯನ್ನು ರೂಪಿಸುವ ಕೆಲಸದಲ್ಲಿ ನಾನೂ ಜೊತೆಯಾದೆ. ಅವರು ದಾರಿಯಲ್ಲಿದ್ದಷ್ಟು ದಿನವೂ ಊರಿನಲ್ಲಿ ಫೋನಿಗೆ ಸಿಗುವ ಹೊಣೆಯೂ ನನ್ನದೇ ಆಗಿತ್ತು. ಹಲವು ದಿನಗಳ ಸೈಕಲ್ ಪ್ರಯಾಣವನ್ನು ಯೋಜಿಸುವವರು ಸಾಮಾನ್ಯವಾಗಿ ದಿನಕ್ಕೆಷ್ಟು ದೂರ ಎಂಬುದರಿಂದ ಆರಂಭಿಸುತ್ತಾರೆ. ಎಲ್ಲೆಲ್ಲಿ ನಿಲ್ಲಬಹುದು, ಎಲ್ಲೆಲ್ಲಿ ಪ್ರಯಾಣವನ್ನು ಬಿಟ್ಟುಬಿಡಬಹುದು ಎಂಬುದನ್ನು ಮೊದಲು ಗುರುತು ಮಾಡಿ, ದೂರವನ್ನು ಆಮೇಲೆ ಅದಕ್ಕೆ ಹೊಂದಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದೂ ಅದಕ್ಕಾಗಿಯೇ.

ಹೊರಟವರು ಯಾರು

ಗುಂಪಿನ ಹಿರಿಯರು ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರು. ಐವತ್ತರ ಸಮೀಪದವರು, ದಿನವೂ ಶಾಲೆಗೆ ಸೈಕಲ್‌ನಲ್ಲೇ ಹೋಗುವವರು. ಅವರ ಮಗಳು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಮೂರನೆಯವರು ಮೇಷ್ಟ್ರ ಭಾವಮೈದುನ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಲೇತ್ ವರ್ಕ್‌ಶಾಪ್ ನಡೆಸುತ್ತಾರೆ. ಮೈಯಲ್ಲಿ ಬಲವಿದೆ, ಆದರೆ ಒಂದೇ ಸಮನೆ ಗಂಟೆಗಟ್ಟಲೆ ಪೆಡಲ್ ತುಳಿದ ರೂಢಿಯಿಲ್ಲ. ನಾಲ್ಕನೆಯವರು ಪಕ್ಕದ ಮನೆಯ ಸ್ಟಾಫ್ ನರ್ಸ್. ನಾಲ್ವರ ವೇಗ, ವಯಸ್ಸು, ಸೈಕಲ್ ಎಲ್ಲವೂ ಬೇರೆ ಬೇರೆ. ಒಂದೇ ಶಕ್ತಿಯ ಯುವಕರ ಗುಂಪಿಗೆ ಯೋಜನೆ ಮಾಡುವುದು ಸುಲಭ. ಇಂಥ ಮನೆಮಂದಿಯ ಗುಂಪಿಗೆ ಮಾಡುವಾಗಲೇ ಯೋಜನೆಯ ನಿಜವಾದ ಪರೀಕ್ಷೆ ನಡೆಯುತ್ತದೆ.

ಮೂರು ದಿನಗಳ ಮೊದಲ ಲೆಕ್ಕ

ಮೇಷ್ಟ್ರು ಮೊದಲು ಮುಂದಿಟ್ಟದ್ದು ಮೂರು ದಿನಗಳ ಯೋಜನೆ: 360ನ್ನು ಮೂರರಿಂದ ಭಾಗಿಸಿ, ದಿನಕ್ಕೆ 120 ಕಿಲೋಮೀಟರ್. ರಜೆ ಕಡಿಮೆ ಸಾಕು ಎಂಬುದು ಅವರ ಮುಖ್ಯ ಕಾರಣವಾಗಿತ್ತು. 120 ಕಿಲೋಮೀಟರ್ ತುಳಿಯುವ ಶಕ್ತಿ ನಾಲ್ವರಲ್ಲಿ ಮೂವರಿಗೆ ಖಂಡಿತ ಇತ್ತು. ಹಾಗಾಗಿ ನಾನು ಶಕ್ತಿಯ ಪ್ರಶ್ನೆಯನ್ನು ಎತ್ತದೆ ಹಗಲಿನ ಪ್ರಶ್ನೆಯನ್ನು ಎತ್ತಿದೆ. ಸಾಮಾನು ಹೇರಿಕೊಂಡ ಇಂಥ ಗುಂಪು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋದರೂ ತಿಂಡಿ, ನೀರು, ಊಟ, ಪಂಕ್ಚರ್ ಎಲ್ಲವನ್ನೂ ಸೇರಿಸಿದರೆ ಸರಾಸರಿ 12ಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ 120 ಕಿಲೋಮೀಟರಿಗೆ ಹತ್ತು ಗಂಟೆ ಬೇಕು. ಡಿಸೆಂಬರಿನಲ್ಲಿ ನಮ್ಮ ಭಾಗದಲ್ಲಿ ಹಗಲಿನ ಅವಧಿ ಹನ್ನೊಂದೂವರೆ ಗಂಟೆಗಿಂತ ತುಸು ಕಡಿಮೆ. ಎಂದರೆ ಇಡೀ ದಿನದಲ್ಲಿ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಒಂದು ಟೈರ್ ಸೀಳಿದರೆ, ಒಬ್ಬರಿಗೆ ಹೊಟ್ಟೆ ಕೆಟ್ಟರೆ, ಆ ಬಿಡುವು ಅಲ್ಲಿಗೆ ಮುಗಿಯಿತು. ಉಳಿದ ದಾರಿಯನ್ನು ಹೆದ್ದಾರಿಯ ಕತ್ತಲಲ್ಲಿ, ಲಾರಿಗಳ ಬೆಳಕಿನಲ್ಲಿ ಸಾಗಬೇಕಾಗುತ್ತದೆ. ಅದಕ್ಕಿಂತ ಗಂಭೀರವಾದ ತೊಡಕು ಇನ್ನೊಂದಿತ್ತು. ಮೂರು ಸಮಭಾಗ ಮಾಡಿದಾಗ ಮಾಲೆಮನೆ ಘಾಟಿ ಬೀಳುವುದು ಮೂರನೆಯ ದಿನದ ಮಧ್ಯಾಹ್ನಕ್ಕೆ. ಇಡೀ ದಾರಿಯಲ್ಲಿ ಅತ್ಯಂತ ಎಚ್ಚರ ಬೇಡುವ ಇಳಿಜಾರನ್ನು ಅತ್ಯಂತ ದಣಿದ ಹೊತ್ತಿಗೆ ಇಟ್ಟುಕೊಳ್ಳುವ ಯೋಜನೆಯನ್ನು ಒಪ್ಪಲು ಸಾಧ್ಯವೇ ಇರಲಿಲ್ಲ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಮೇಷ್ಟ್ರು ಹೆಚ್ಚು ವಾದಿಸದೆ ಆರು ದಿನಗಳ ರಜೆಗೆ ಅರ್ಜಿ ಹಾಕಲು ಒಪ್ಪಿದರು.

ಯಾವ ಕಾಲ, ಯಾವ ದಿಕ್ಕು

ಮಗಳಿಗೆ ಜೋಗವನ್ನು ತುಂಬಿ ಧುಮುಕುವಾಗ ನೋಡುವ ಆಸೆ ಇತ್ತು. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್‌ಗಳು ಬೀಳುವ ವೈಭವ ಮಳೆಗಾಲದ್ದು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ತಡೆಯುವುದರಿಂದ ಉಳಿದ ಕಾಲದಲ್ಲಿ ಅದು ಬಡವಾಗಿಯೇ ಇರುತ್ತದೆ. ಆದರೆ ಜುಲೈ, ಆಗಸ್ಟ್‌ಗಳಲ್ಲಿ ಈ ದಾರಿಯಲ್ಲಿ ಪಶ್ಚಿಮಕ್ಕೆ ಸೈಕಲ್ ತುಳಿಯುವುದೆಂದರೆ ಮುಂಗಾರಿನ ಗಾಳಿಗೆ ಎದೆಯೊಡ್ಡಿ ಸಾಗುವುದು. ಆ ಗಾಳಿಯ ಬಲವನ್ನು ತಿಳಿಯಲು ಪಕ್ಕದ ಚಿತ್ರದುರ್ಗದ ಜೋಗಿಮಟ್ಟಿಯ ಗುಡ್ಡಗಳಲ್ಲಿ ನಿಲ್ಲಿಸಿರುವ ಗಾಳಿಯಂತ್ರಗಳನ್ನು ನೋಡಿದರೆ ಸಾಕು. ಘಾಟಿಯಲ್ಲಿ ಮಳೆ, ಮಂಜು, ಗುಡ್ಡ ಕುಸಿತದ ಭಯ ಬೇರೆ. ಶಾಲೆಗೆ ರಜೆಯಿರುವ ದಸರೆಯ ಹೊತ್ತು ಅನುಕೂಲವೆನ್ನಿಸಿದರೂ ತುಮಕೂರು ಸೀಮೆಗೆ ಒಳ್ಳೆಯ ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ಡಿಸೆಂಬರಿನ ಮೊದಲ ವಾರಗಳಲ್ಲಿ ಗಾಳಿ ಸಾಮಾನ್ಯವಾಗಿ ಪೂರ್ವ, ಈಶಾನ್ಯಗಳಿಂದ ಬೀಸುತ್ತದೆ. ಪಶ್ಚಿಮಕ್ಕೆ ಹೋಗುವವರ ಬೆನ್ನಿಗೆ ಅದು ಆಸರೆ. ನೆಲವೂ ಅದೇ ದಿಕ್ಕಿಗೆ ಇಳಿಯುತ್ತದೆ: ತುಮಕೂರು, ತಿಪಟೂರುಗಳು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದ್ದರೆ ಶಿವಮೊಗ್ಗ 600 ಮೀಟರಿಗಿಂತ ಕೆಳಗಿದೆ. ಜೋಗದ ನೀರನ್ನು ಬಿಟ್ಟುಕೊಟ್ಟು ಗಾಳಿಯನ್ನು ಪಡೆದ ಈ ತೀರ್ಮಾನ ಮಗಳಿಗೆ ಬೇಸರ ತಂದಿತು. ಆದರೂ ಇಡೀ ಯೋಜನೆಯಲ್ಲಿ ಅತ್ಯಂತ ಲಾಭ ತಂದ ತೀರ್ಮಾನ ಇದೇ ಎಂದು ನಾನು ಈಗಲೂ ನಂಬಿದ್ದೇನೆ.

ಡಿಸೆಂಬರಿಗೆ ಅದರದೇ ಆದ ಒಂದು ತೊಂದರೆಯೂ ಇದೆ. ರಾಗಿ, ಹುರುಳಿಗಳ ಸುಗ್ಗಿಯಲ್ಲಿ ನಮ್ಮ ಕಡೆಯ ರೈತರು ಪೈರನ್ನು ರಸ್ತೆಗೆ ಹರಡಿ, ಓಡಾಡುವ ವಾಹನಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಸೈಕಲ್ಲಿಗೆ ಇದು ಅಪಾಯ: ಒಣ ಹುಲ್ಲಿನ ಮೇಲೆ ಚಕ್ರ ಜಾರುತ್ತದೆ, ಹುರುಳಿಯ ಬಳ್ಳಿ ಚೈನಿಗೂ ಗೇರು ಬದಲಿಸಲು ಚೈನನ್ನು ಸರಿಸುವ ಹಿಂದಿನ ಡಿರೇಲರ್‌ಗೂ ಸುತ್ತಿಕೊಂಡು ಅದನ್ನು ಮುರಿದೇಬಿಡಬಹುದು. ಹೆದ್ದಾರಿಗಿಂತ ಒಳರಸ್ತೆಗಳಲ್ಲಿ ಇದು ಹೆಚ್ಚು. ಅಂಥ ಕಡೆ ಇಳಿದು ತಳ್ಳಿಕೊಂಡೇ ಹೋಗಬೇಕು, ಬಳ್ಳಿ ಸಿಕ್ಕಿದರೆ ಪೆಡಲನ್ನು ಜಗ್ಗಿ ತುಳಿಯದೆ ಕೂಡಲೇ ನಿಲ್ಲಬೇಕು ಎಂದು ಮೊದಲೇ ಹೇಳಿಕೊಂಡೆವು.

ಬಿಡುವ ಜಾಗಗಳು

ಬಿ.ಎಚ್. ರಸ್ತೆಗೆ ಬೇರೆ ದೂರದ ದಾರಿಗಳಿಗಿಲ್ಲದ ಒಂದು ಭಾಗ್ಯವಿದೆ. ತುಮಕೂರಿನಿಂದ ತಾಳಗುಪ್ಪದವರೆಗೆ ರೈಲುಹಳಿ ಬಹುಪಾಲು ಅದರ ಜೊತೆಜೊತೆಗೇ ಸಾಗುತ್ತದೆ. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಕುಂಸಿ, ಆನಂದಪುರ, ಸಾಗರ, ತಾಳಗುಪ್ಪ, ಎಲ್ಲೆಡೆ ನಿಲ್ದಾಣಗಳಿವೆ. ಆದ್ದರಿಂದ ನಾವು ನಕ್ಷೆಯ ಮೇಲೆ ಮೊದಲು ಗುರುತು ಹಾಕಿದ್ದು ತಂಗುವ ಊರುಗಳನ್ನಲ್ಲ, ಈ ನಿಲ್ದಾಣಗಳನ್ನು. ಯಾರಿಗಾದರೂ ಮುಂದುವರಿಯಲಾಗದಿದ್ದರೆ ಅವರು ಅಲ್ಲಿಂದ ಹಿಂದಕ್ಕೂ ಹೋಗಬಹುದು, ಮುಂದಿನ ಊರಿಗೂ ಹೋಗಿ ಕಾಯಬಹುದು. ಮುಂದಕ್ಕೆ ಹೋಗುವ ಈ ಸಾಧ್ಯತೆಯನ್ನು ಯೋಜಿಸುವವರು ಮರೆಯುತ್ತಾರೆ. ಸೈಕಲ್ಲನ್ನು ರೈಲಿನಲ್ಲಿ ಒಯ್ಯಲು ನಿಲ್ದಾಣದಲ್ಲಿ ಲಗೇಜ್ ಬುಕ್ ಮಾಡಿಸಬೇಕು. ಒಂದೆರಡು ನಿಮಿಷ ನಿಲ್ಲುವ ಸಣ್ಣ ನಿಲ್ದಾಣದಲ್ಲಿ ಹತ್ತಿಸುವುದು ಕಷ್ಟ. ಆದಕಾರಣ ಸೈಕಲ್ ಸಹಿತ ಹತ್ತಲು ಅರಸೀಕೆರೆ, ಬೀರೂರು, ಶಿವಮೊಗ್ಗಗಳನ್ನು ಮಾತ್ರ ನೆಚ್ಚುವುದು, ಉಳಿದೆಡೆ ಅಲ್ಲಿಯವರೆಗೆ ಲಗೇಜ್ ಆಟೊ ಹಿಡಿಯುವುದು ಎಂದು ತೀರ್ಮಾನಿಸಿದೆವು.

ಇದನ್ನು ಆಧರಿಸಿ ದಿನಗಳು ತಾವಾಗಿಯೇ ಮೂಡಿದವು. ಮೊದಲ ದಿನ ತುಮಕೂರಿನಿಂದ ತಿಪಟೂರಿಗೆ 70 ಕಿಲೋಮೀಟರ್ ದಾಟಿ ಸ್ವಲ್ಪ. ಎರಡನೆಯ ದಿನ ಅರಸೀಕೆರೆ, ಬಾಣಾವರ, ಕಡೂರುಗಳ ಮೇಲೆ ಬೀರೂರಿಗೆ ಹೆಚ್ಚುಕಡಿಮೆ ಅಷ್ಟೇ. ಮೂರನೆಯ ದಿನ ಶಿವಮೊಗ್ಗಕ್ಕೆ ಅದಕ್ಕಿಂತ ಕಡಿಮೆ, ಮಧ್ಯಾಹ್ನದ ಮೇಲೆ ವಿಶ್ರಾಂತಿ ಮತ್ತು ಸೈಕಲ್ ರಿಪೇರಿ. ನಾಲ್ಕನೆಯ ದಿನ ಸಾಗರಕ್ಕೆ 70ರ ಆಸುಪಾಸು. ಐದನೆಯ ದಿನ ಜೋಗಕ್ಕೆ ಕೇವಲ 30. ಆರನೆಯ ದಿನ ಜೋಗದಿಂದ ಹೊನ್ನಾವರಕ್ಕೆ 60. ಬೆಳಿಗ್ಗೆ ಆರೂವರೆಗೆ ಹೊರಟರೆ 70 ಕಿಲೋಮೀಟರಿನ ದಿನವೂ ಮಧ್ಯಾಹ್ನ ಒಂದರ ಒಳಗೆ ಮುಗಿದು, ಐದು ಗಂಟೆಯಷ್ಟು ಹಗಲು ಕೈಯಲ್ಲಿ ಉಳಿಯುತ್ತದೆ. ಐದನೆಯ ದಿನ ಇಷ್ಟು ಸಣ್ಣದೇಕೆ ಎಂದು ಭಾವಮೈದುನರು ಕೇಳಿದರು. ತಾಳಗುಪ್ಪದಾಚೆ ರೈಲಿಲ್ಲ, ಘಾಟಿಯ ಉದ್ದಕ್ಕೂ ತಂಗುವ ಊರುಗಳಿಲ್ಲ. ಆದ್ದರಿಂದ ಅದರ ಬಾಯಿಗೆ ದಣಿವಿಲ್ಲದೆ ತಲುಪಬೇಕು ಎಂಬುದು ಉತ್ತರವಾಗಿತ್ತು. ಆ ಬಿಡುವಿನಲ್ಲಿ ಸಾಗರದ ಪಕ್ಕದ ಇಕ್ಕೇರಿಯ ಅಘೋರೇಶ್ವರ ದೇಗುಲವನ್ನು ನೋಡುವ ಅವಕಾಶವೂ ದೊರೆಯಿತು.

ಪ್ರತಿ ದಿನದ ಒಳಗೂ ನಿಲ್ಲುವ ಜಾಗಗಳನ್ನು ಗುರುತಿಸಿದೆವು. ಗುಂಪಿನಲ್ಲಿ ಇಬ್ಬರು ಮಹಿಳೆಯರಿದ್ದುದರಿಂದ ಶೌಚಾಲಯದ ವಿಚಾರವನ್ನು ಸಂಕೋಚವಿಲ್ಲದೆ ಮೊದಲೇ ಮಾತಾಡಿಕೊಂಡು, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರುಗಳ ಬಸ್ ನಿಲ್ದಾಣಗಳನ್ನೂ ನಡುವಿನ ಪೆಟ್ರೋಲ್ ಬಂಕುಗಳನ್ನೂ ಪಟ್ಟಿ ಮಾಡಿದೆವು. ಶೌಚಾಲಯವಿಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಮಹಿಳಾ ಸವಾರರನ್ನು ನಾನು ಬಲ್ಲೆ. ಅದು ಮೂತ್ರದ ಸೋಂಕಿಗೂ ಬಿಸಿಲಿನ ಬಳಲಿಕೆಗೂ ನೇರ ದಾರಿ ಎಂದು ನರ್ಸ್ ಅಕ್ಕ ಮಗಳಿಗೆ ಬಿಡಿಸಿ ಹೇಳಿದರು. ನಾಲ್ಕು ಪಥದ ಹೊಸ ರಸ್ತೆ ಊರುಗಳನ್ನು ಬಳಸಿ ಹೋಗುವ ಕಡೆ ನೆರಳೂ ಸಿಗದು, ಟೀ ಅಂಗಡಿಯೂ ಸಿಗದು. ಹಾಗಾಗಿ ಬೈಪಾಸ್ ಬಂದಲ್ಲೆಲ್ಲ ಊರೊಳಗಿನ ಹಳೆಯ ರಸ್ತೆಯನ್ನೇ ಹಿಡಿಯುವುದೆಂದು ನಿರ್ಧರಿಸಿದೆವು. ನೀರಿಗೆ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳು ಸಾಕು. ನಾಣ್ಯ ಹಾಕದೆ ಅವು ನೀರು ಕೊಡವು ಎಂಬುದನ್ನು ನೆನಪಿಟ್ಟು ಎಲ್ಲರೂ ಚಿಲ್ಲರೆ ಇಟ್ಟುಕೊಂಡರು.

ಇಷ್ಟೆಲ್ಲ ಜಾಗಗಳನ್ನು ಗುರುತಿಸಿದರೂ ಬಿಡುವುದಕ್ಕೆ ಮನಸ್ಸು ಒಪ್ಪದಿದ್ದರೆ ಪ್ರಯೋಜನವಿಲ್ಲ. ಆದುದರಿಂದ ಮೇಷ್ಟ್ರ ಮನೆಯ ಜಗಲಿಯಲ್ಲಿ ಕೂತು ಕೆಲವು ಒಪ್ಪಂದಗಳನ್ನು ಬರೆದುಕೊಂಡೆವು. ಯಾರು ಬೇಕಾದರೂ ಕಾರಣ ಹೇಳದೆ ನಿಲ್ಲಬಹುದು. ಇನ್ನೊಬ್ಬರು ಅವರನ್ನು ಹುರಿದುಂಬಿಸಲು ಹೋಗಬಾರದು. ಒಬ್ಬರು ನಿಂತರೆಂದು ಉಳಿದವರ ಪ್ರಯಾಣ ನಿಲ್ಲಬೇಕಿಲ್ಲ, ಆದರೆ ನಿಂತವರನ್ನು ರೈಲು ಹತ್ತಿಸದೆ ಯಾರೂ ಮುಂದೆ ಹೋಗಬಾರದು. ಮಧ್ಯಾಹ್ನ ಮೂರರ ಹೊತ್ತಿಗೆ ತಂಗುವ ಊರು 20 ಕಿಲೋಮೀಟರಿಗಿಂತ ದೂರವಿದ್ದರೆ ಉಳಿದ ದಾರಿಗೆ ವಾಹನ ಹಿಡಿಯಬೇಕು. ಸಂಜೆ ನಾಲ್ಕರೊಳಗೆ ನನಗೆ ಸಂದೇಶ ಬರಬೇಕು. ಬಾರದಿದ್ದರೆ ನಾನು ಕರೆ ಮಾಡುವುದು, ಆರರವರೆಗೂ ಯಾರೂ ಸಿಗದಿದ್ದರೆ ತಂಗಬೇಕಿದ್ದ ವಸತಿಗೃಹವನ್ನು ವಿಚಾರಿಸಿ 112ಕ್ಕೆ ತಿಳಿಸುವುದು. ಹೆದ್ದಾರಿ ಸಹಾಯವಾಣಿ 1033 ಮತ್ತು ಆಂಬುಲೆನ್ಸಿನ 108 ನಾಲ್ವರ ಫೋನಿನಲ್ಲೂ ಇದ್ದವು.

ಸೈಕಲ್, ಸಾಮಾನು, ಅಭ್ಯಾಸ

ಮೇಷ್ಟ್ರದೂ ನರ್ಸ್ ಅಕ್ಕನದೂ 700ಸಿ ಎಂಬ ದೊಡ್ಡ ಅಳತೆಯ ಚಕ್ರದ ಹೈಬ್ರಿಡ್ ಸೈಕಲ್‌ಗಳು, ಉಳಿದಿಬ್ಬರದು 26 ಇಂಚಿನ ಎಂಟಿಬಿ, ಎಂದರೆ ಮೌಂಟನ್ ಬೈಕ್. 26 ಇಂಚಿನ ಟ್ಯೂಬು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುತ್ತದೆ. 700ಸಿ ಸಿಗುವುದು ಅನುಮಾನ. ಆದ್ದರಿಂದ ದೊಡ್ಡ ಚಕ್ರದ ಟ್ಯೂಬುಗಳನ್ನು ಹೆಚ್ಚಾಗಿ ಒಯ್ದರು, ಜೊತೆಗೆ ಅವುಗಳ ಪ್ರೆಸ್ಟಾ ಎಂಬ ಸಣಕಲು ವಾಲ್ವಿಗೆ ಬಂಕಿನ ಗಾಳಿ ಹಿಡಿಸುವ ಅಡಾಪ್ಟರನ್ನೂ ಒಯ್ದರು. ಎಂಟಿಬಿಗಳ ಗುಬುಟು ಟೈರುಗಳನ್ನು ತೆಗೆದು ನುಣುಪಾದವನ್ನು ಹಾಕಿಸಿದ್ದರಿಂದ ಡಾಂಬರಿನ ಮೇಲೆ ತುಳಿತ ಹಗುರವಾಯಿತು. ಬೆನ್ನಿಗೆ ಯಾರೂ ಚೀಲ ಹಾಕಿಕೊಳ್ಳಲಿಲ್ಲ. ಭಾರವೆಲ್ಲ ಹಿಂದಿನ ಕ್ಯಾರಿಯರಿನ ಇಬ್ಬದಿಯಲ್ಲಿ ತಗ್ಗಾಗಿ ನೇತಾಡುವ ಚೀಲಗಳಲ್ಲಿ.

ಅಭ್ಯಾಸದಲ್ಲಿ ನಾನು ಒತ್ತಿ ಹೇಳಿದ್ದು ಬೆನ್ನುಬೆನ್ನಿಗೆ ಎರಡು ದಿನ ತುಳಿಯುವುದನ್ನು. ಶನಿವಾರ ಸಾಮಾನು ಸಹಿತ ಮಧುಗಿರಿಗೆ ಹೋಗಿ ಬಂದು, ಭಾನುವಾರ ಬೆಳಿಗ್ಗೆ ದೇವರಾಯನದುರ್ಗದ ಏರು ಹತ್ತಿದರೆ ದೇಹ ತನ್ನ ದೂರನ್ನೆಲ್ಲ ಹೇಳಿಬಿಡುತ್ತದೆ. ಒಂದೇ ದಿನದ ದೊಡ್ಡ ಸವಾರಿ ಇದನ್ನು ತೋರಿಸುವುದಿಲ್ಲ. ಸೀಟಿನ ನೋವು, ಅಂಗೈಯ ಜೋಮು, ಮಂಡಿಯ ಸೆಳೆತ ಎಲ್ಲವೂ ಮಾರನೆಯ ದಿನಕ್ಕೆ ಕಾದಿರುತ್ತವೆ. ಇಂಥ ಒಂದು ಭಾನುವಾರ ಭಾವಮೈದುನರ ಸೀಟು ತೀರ ತಗ್ಗಾಗಿರುವುದನ್ನು ನರ್ಸ್ ಅಕ್ಕ ಗಮನಿಸಿ ಎತ್ತರಿಸಲು ಹೇಳಿದರು. ನಿಲ್ಲಿಸಿದಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕೆಂಬುದು ಅವರ ಹಳೆಯ ರೂಢಿ. ಬೆರಳಿನಷ್ಟು ಎತ್ತರಿಸಿ ಸುಮ್ಮನಾದರು.

ತಿನಿಸಿನ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ದೀರ್ಘ ಶ್ರಮದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕೆಂಬ ಲೆಕ್ಕಕ್ಕೆ ಬಾಳೆಹಣ್ಣು, ಕಡಲೆಬೀಜದ ಚಿಕ್ಕಿ, ಬೆಲ್ಲ ಸಾಕಾದವು. ತಿಪಟೂರು ಸೀಮೆಯಲ್ಲಿ ಎಳನೀರಿಗೆ ಬರವಿಲ್ಲ. ಒಆರ್‌ಎಸ್ ಮುಗಿದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ದಾರಿಯಲ್ಲಿ ನಡೆದದ್ದು

ಮೊದಲ ದಿನ ನಿರೀಕ್ಷೆಯಂತೆ ಮುಗಿಯಿತು. ಎರಡನೆಯ ದಿನ ಬಾಣಾವರ ದಾಟಿದ ಮೇಲೆ ಭಾವಮೈದುನರಿಗೆ ಎಡಮಂಡಿಯ ಮುಂಭಾಗದಲ್ಲಿ ನೋವು ಶುರುವಾಯಿತು. ಕಡೂರಿನಲ್ಲಿ ಊಟಕ್ಕೆ ಕೂತಾಗ ಅವರು ಅದನ್ನು ತಾವಾಗಿಯೇ ಹೇಳಿದರು. ಒಪ್ಪಂದ ಇಲ್ಲದಿದ್ದರೆ ಅವರು ಹೇಳುತ್ತಲೇ ಇರಲಿಲ್ಲ ಎಂಬುದು ಅವರ ಅಕ್ಕನ, ಎಂದರೆ ಮೇಷ್ಟ್ರ ಪತ್ನಿಯ, ಅಭಿಪ್ರಾಯ. ಅವರನ್ನು ಬಲ್ಲ ನಾನೂ ಅದನ್ನು ಒಪ್ಪುತ್ತೇನೆ. ಬೀರೂರಿಗೆ ಉಳಿದದ್ದು ಆರೇಳು ಕಿಲೋಮೀಟರ್, ಅದನ್ನು ಹಗುರ ಗೇರಿನಲ್ಲಿ ನಿಧಾನವಾಗಿ ಮುಗಿಸಿದರು. ರಾತ್ರಿ ನರ್ಸ್ ಅಕ್ಕ ಮಂಡಿಯನ್ನು ಪರೀಕ್ಷಿಸಿದರು: ಊತವಿಲ್ಲ, ಬಿಸಿಯಿಲ್ಲ, ಮೆಟ್ಟಿಲು ಇಳಿಯುವಾಗ ಮಾತ್ರ ನೋವು. ತಗ್ಗು ಸೀಟಿನಲ್ಲಿ ಕೂತು ಭಾರದ ಗೇರನ್ನು ಒತ್ತಿ ಒತ್ತಿ ತುಳಿದವರಿಗೆ ಬರುವ ಸಾಮಾನ್ಯ ನೋವು ಇದು. ಸೀಟು ತಗ್ಗಿದಷ್ಟೂ ಮಂಡಿ ಹೆಚ್ಚು ಮಡಿಚಿ, ಮಂಡಿಚಿಪ್ಪಿನ ಮೇಲೆ ಒತ್ತಡ ಏರುತ್ತದೆ.

ಮೂರನೆಯ ಬೆಳಿಗ್ಗೆ ಅವರು ಬೀರೂರು ಜಂಕ್ಷನ್ನಿನಲ್ಲಿ ಸೈಕಲ್ಲನ್ನು ಲಗೇಜ್ ಬುಕ್ ಮಾಡಿ ಶಿವಮೊಗ್ಗದ ರೈಲು ಹತ್ತಿದರು. ಉಳಿದ ಮೂವರು ತರೀಕೆರೆ, ಭದ್ರಾವತಿಗಳ ಮೇಲೆ ಸೈಕಲ್‌ನಲ್ಲಿ ಬಂದು ಮಧ್ಯಾಹ್ನ ಅವರನ್ನು ಸೇರಿಕೊಂಡರು. ವಾಗ್ವಾದವಾಗಲಿಲ್ಲ, ಯಾರೂ ಯಾರನ್ನೂ ಸಮಾಧಾನಪಡಿಸಬೇಕಾಗಲಿಲ್ಲ. ಶಿವಮೊಗ್ಗದ ಅಂಗಡಿಯಲ್ಲಿ, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೆಡಲ್ ಕೆಳತುದಿಗೆ ಬಂದಾಗ ಕಾಲು ನೇರವಾಗುವಷ್ಟು ಸೀಟನ್ನು ಎತ್ತರಿಸಿದರು. ಎಲ್ಲರ ಬ್ರೇಕ್ ಶೂಗಳನ್ನೂ ಅಲ್ಲಿಯೇ ಬದಲಿಸಿದರು. ನಾಲ್ಕನೆಯ ದಿನ ಕುಂಸಿಯವರೆಗೆ ತುಳಿದು ನೋಡುವುದು, ನೋವು ಮರುಕಳಿಸಿದರೆ ಅಲ್ಲಿಯೇ ನಿಲ್ಲುವುದು ಎಂದು ಗೊತ್ತುಮಾಡಿಕೊಂಡರು. ಕುಂಸಿಯಲ್ಲಿ ನೋವಿರಲಿಲ್ಲ, ಆನಂದಪುರದಲ್ಲಿ ಮತ್ತೆ ವಿಚಾರಿಸಿಕೊಂಡು ಸಾಗರದವರೆಗೂ ಹೋದರು. ಮೂರು ದಿನಗಳ ಲೆಕ್ಕದಲ್ಲಿ ಇದೇ ನೋವು ಬಂದಿದ್ದರೆ ಗುಂಪು ಅವರನ್ನು ತಳ್ಳಿಕೊಂಡು ಹೋಗಬೇಕಿತ್ತು, ಇಲ್ಲವೇ ಎಲ್ಲರೂ ಹಿಂದಿರುಗಬೇಕಿತ್ತು. ಅರ್ಧ ದಿನದ ವಿಶ್ರಾಂತಿಗೆ ಅಲ್ಲಿ ಎಡೆಯೇ ಇರಲಿಲ್ಲ.

ಆರನೆಯ ಬೆಳಿಗ್ಗೆ ಜೋಗದಲ್ಲಿ ದಟ್ಟ ಮಂಜು ಕವಿದಿತ್ತು. ಹೊರಡುವ ಹೊತ್ತನ್ನು ಗಡಿಯಾರಕ್ಕೆ ಬಿಡದೆ, ರಸ್ತೆಯ ಬದಿಯ ಕಲ್ಲುಗಳು ನೂರು ಮೀಟರ್ ದೂರದಿಂದ ಕಾಣುವವರೆಗೆ ಕಾಯಬೇಕೆಂಬ ನಿಯಮಕ್ಕೆ ನಾಲ್ವರೂ ಬದ್ಧರಾದರು. ಎಂಟು ದಾಟಿದ ಮೇಲೆ ಹೊರಟರು. ಘಾಟಿಯಲ್ಲಿ ರಸ್ತೆ ಸುಮಾರು 500 ಮೀಟರ್ ಇಳಿಯುತ್ತದೆ. ರಿಮ್ಮಿಗೆ ಹಿಡಿಯುವ ಬ್ರೇಕನ್ನು ಒಂದೇ ಸಮನೆ ಅದುಮಿದರೆ ರಿಮ್ಮು ಕಾದು ಟ್ಯೂಬು ಸಿಡಿಯುವ ಅಪಾಯವಿದೆ. ಆದ್ದರಿಂದ ತಿರುವಿಗೆ ಮುಂಚೆ ನೇರ ದಾರಿಯಲ್ಲೇ ಎರಡೂ ಬ್ರೇಕುಗಳಿಂದ ವೇಗ ತಗ್ಗಿಸಿ, ತಿರುವಿನಲ್ಲಿ ಬಿಟ್ಟು, ಅಗಲವಾದ ಜಾಗ ಸಿಕ್ಕಾಗಲೆಲ್ಲ ನಿಂತು ರಿಮ್ಮನ್ನು ಆರಲು ಬಿಟ್ಟರು. ಒಬ್ಬರಿಗೊಬ್ಬರು ಐವತ್ತು ಮೀಟರ್ ಅಂತರ, ಮುಂದೆ ಮೇಷ್ಟ್ರು, ಕೊನೆಯಲ್ಲಿ ಮಗಳು. ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ಉಳಿಯುವ 30 ಕಿಲೋಮೀಟರ್ ಸಮತಟ್ಟಾದರೂ ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದುರಿಗೆ ಬೀಸುತ್ತದೆ; ಮಂಜಿಗೆ ಕಾದದ್ದರಿಂದ ಅದರ ಒಂದು ಪಾಲು ಅವರಿಗೆ ಸಿಕ್ಕಿತು. ಅಲ್ಲಿಂದ ಸೈಕಲ್‌ಗಳು ಬಾಡಿಗೆಯ ಟಾಟಾ ಏಸ್‌ನಲ್ಲಿ, ಸವಾರರು ಬಸ್ಸಿನಲ್ಲಿ ತುಮಕೂರಿಗೆ ಮರಳಿದರು.

ಇದೇ ದಾರಿಯನ್ನು ಹೊನ್ನಾವರದಿಂದ ತುಮಕೂರಿನ ಕಡೆಗೆ ತುಳಿಯಲು ಯೋಚಿಸುವವರು ಈ ಯೋಜನೆಯನ್ನು ಹಾಗೆಯೇ ತಿರುಗಿಸಿ ಬಳಸಬಾರದು. ಚಳಿಗಾಲದ ಗಾಳಿ ಎದುರಾಗುತ್ತದೆ, ಘಾಟಿ ಏರಾಗುತ್ತದೆ, ಮತ್ತು ರೈಲಿನ ಆಸರೆಯಿಲ್ಲದ ಭಾಗ ದೇಹ ಇನ್ನೂ ಹದಗೊಳ್ಳದ ಮೊದಲೆರಡು ದಿನಗಳಿಗೆ ಬೀಳುತ್ತದೆ. ಅವರು ಮೊದಲ ದಿನ ಗೇರುಸೊಪ್ಪೆಯ ಸುತ್ತ ತಂಗಿ, ಎರಡನೆಯ ದಿನವನ್ನು ಘಾಟಿಗೊಂದಕ್ಕೇ ಮೀಸಲಿಟ್ಟು ಜೋಗದಲ್ಲಿ ನಿಂತು, ತಾಳಗುಪ್ಪದ ನಿಲ್ದಾಣ ತಲುಪಿದ ಮೇಲಷ್ಟೇ ದಿನದ ದೂರವನ್ನು ಹೆಚ್ಚಿಸುವುದು ಒಳ್ಳೆಯದು.